ಬೆರಳೊತ್ತುವ ಯಂತ್ರ ಬಂದ ವರ್ಷ

ಸ್ಲಿವೆನ್ ಊರಿನ ನಮ್ಮ ಉಣ್ಣೆ ಗಿರಣಿಯ ಗೇಟಿನಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದವಳು ನೆದ್ಯಾಲ್ಕಾ. ಬಣ್ಣದ ವಿಭಾಗದಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವಳಿಗೆ ಆ ಕುರ್ಚಿ ಸಿಕ್ಕಿತ್ತು. ಬಾಯಿ ಬಲು ಜೋರು.

"ಏನೋ ಪೇಟ್ಕೋ, ನಿನ್ನೆ ಕುಡಿದಿದ್ದು ಇನ್ನೂ ಇಳಿದಿಲ್ವಾ? ಇದು ಸಹೀನೋ, ಕೋಳಿ ಕೆದರಿದ್ದೋ?" ಎಂದು ರೇಗಿಸದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ನನ್ನ ಪಕ್ಕದ ನೂಲುವ ಯಂತ್ರದಲ್ಲಿದ್ದವಳು ಗಿಂಕಾ. ಮದುವೆಯಾಗಿರಲಿಲ್ಲ. ತಾಯಿ ರೂಸಾ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ಪುರಸಭೆ ಕಳಿಸುವ ಹೆಂಗಸು ಬರುತ್ತಿದ್ದುದು ಮಧ್ಯಾಹ್ನಕ್ಕೆ. ಬೆಳಿಗ್ಗೆ ತಾಯಿಯ ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಹಾಲಲ್ಲಿ ನೆನೆಸಿದ ಬ್ರೆಡ್ಡನ್ನು ಚಮಚದಲ್ಲಿ ತಿನ್ನಿಸುವಷ್ಟರಲ್ಲಿ ಗಿಂಕಾಗೆ ಬಸ್ಸು ತಪ್ಪುತ್ತಿತ್ತು. ಸೈರನ್ ಕೂಗಿದ ಮೇಲೆ ಏದುಸಿರು ಬಿಡುತ್ತಾ ಬರುತ್ತಿದ್ದಳು.

"ಬಾರೇ, ನಿನ್ನ ಸಾಲು ಖಾಲಿ ಬಿಟ್ಟಿದೀನಿ. ಬೇಗ ಗೀಚಿ ಓಡು," ಎನ್ನುತ್ತಿದ್ದಳು ನೆದ್ಯಾಲ್ಕಾ. ಅಷ್ಟರಲ್ಲಿ ಅವಳ ಯಂತ್ರವನ್ನು ನಾನು ಚಾಲೂ ಮಾಡಿರುತ್ತಿದ್ದೆ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಹೊಸ ಮ್ಯಾನೇಜರ್ ಕಾಲ್ಚೆವ್ ಗೇಟಿನ ಗೋಡೆಗೆ ಬೆರಳೊತ್ತುವ ಯಂತ್ರ ಹಾಕಿಸಿದ. ಹೊತ್ತಿಗೆ ಸರಿಯಾಗಿ ಬಂದರೆ ಹಸಿರು ದೀಪ, ತಡವಾದರೆ ಕೆಂಪು. ನೆದ್ಯಾಲ್ಕಾಳನ್ನು ಅಂಗಳ ಗುಡಿಸಲು ಹಾಕಿದರು. ಗಿಂಕಾಗೆ ದಿನಾ ಕೆಂಪು ಬರುವುದನ್ನು ಕಂಡು ನೆದ್ಯಾಲ್ಕಾ ಪೊರಕೆ ಹಿಡಿದೇ ಕಾಲ್ಚೆವ್‌ನ ಕೋಣೆಗೆ ನುಗ್ಗಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಮ್ಯಾನೇಜರ್ ಸಾಹೇಬ್ರೇ, ಗಿಂಕಾ ಸ್ವಲ್ಪ ತಡವಾಗಿ ಬರ್ಲಿ ಬಿಡಿ. ಸಂಜೆ ಅಷ್ಟೇ ಹೊತ್ತು ನಿಂತು ಮಾಡ್ತಾಳೆ."

"ನನ್ನ ಕೈಯಲ್ಲೇನೂ ಇಲ್ಲಮ್ಮ. ಬೆರಳು ಒತ್ತಿದ ತಕ್ಷಣ ಅದು ರಾಜಧಾನಿ ಸೋಫಿಯಾದ ಹೆಡ್ ಆಫೀಸಿಗೆ ಹೋಗುತ್ತೆ."

"ಪುಸ್ತಕ ಇದ್ದಾಗ ನಡೀತಿತ್ತಲ್ಲ?"

ಕಾಲ್ಚೆವ್ ತಲೆಯೆತ್ತಿ ನೋಡಿದ. "ಅಂದ್ರೆ? ಇಷ್ಟು ದಿನ ಸುಳ್ಳು ಬರೆಸ್ತಿದ್ರಾ?"

ನೆದ್ಯಾಲ್ಕಾ ತಬ್ಬಿಬ್ಬಾದಳು. ಇನ್ನೊಂದು ಮಾತಾಡಿದರೆ ಗಿಂಕಾಗೇ ಕುತ್ತು. "ಹಾಗಲ್ಲ," ಎಂದಷ್ಟೇ ಹೇಳಿ ಹೊರಬಂದಳು.

ಗಿಂಕಾಗೆ ಎಚ್ಚರಿಕೆ ಕೊಟ್ಟರು: ಇನ್ನೊಮ್ಮೆ ತಡವಾದರೆ ಕೆಲಸವಿಲ್ಲ. ಅಂದಿನಿಂದ ಅವಳು ತಾಯಿಯ ಸರಿಯಾಗಿದ್ದ ಕೈಗೆ ಎಟಕುವಂತೆ ಹಾಲು-ಬ್ರೆಡ್ಡಿನ ಬಟ್ಟಲು ಇಟ್ಟು, ನಸುಕಿನಲ್ಲೇ ಹೊರಡತೊಡಗಿದಳು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಟ್ಟಲಿಗೆ ಕೈ ಚಾಚಿದ ರೂಸಾ ಮಂಚದಿಂದ ಬಿದ್ದಳು. ಮಧ್ಯಾಹ್ನದ ಹೆಂಗಸು ಬಂದು ನೋಡುವವರೆಗೆ ತಣ್ಣನೆಯ ನೆಲದ ಮೇಲೇ ಇದ್ದಳು. ನ್ಯುಮೋನಿಯಾ ಆಗಿ ಅದೇ ವಾರ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಳು.

ಮಣ್ಣಿಗೆ ಕಾಲ್ಚೆವ್ ಕೂಡ ಹೂವು ಹಿಡಿದು ಬಂದ. ಯಾರೂ ಅವನ ಹತ್ತಿರ ನಿಲ್ಲಲಿಲ್ಲ. ಕೊನೆಗೆ ನೆದ್ಯಾಲ್ಕಾಳೇ ಹೋಗಿ, "ಬಂದಿದೀರಲ್ಲ, ಒಂದು ಹಿಡಿ ಮಣ್ಣು ಹಾಕಿ," ಎಂದು ಮುಂದಕ್ಕೆ ಕರೆತಂದಳು. ಅವನು ಬಗ್ಗಿ ಒಂದು ಹಿಡಿ ಹಾಕಿದ.

ತಾಯಿ ತೀರಿದ ನಲವತ್ತನೆಯ ದಿನ, ಸತ್ತವರ ಹೆಸರಲ್ಲಿ ಹಂಚುವ ನಮ್ಮ ರೂಢಿಯಂತೆ, ಗಿಂಕಾ ಬೇಯಿಸಿದ ಗೋಧಿಗೆ ಸಕ್ಕರೆ ಉದುರಿಸಿ ತಂದು ಗೇಟಿನಲ್ಲಿ ಎಲ್ಲರಿಗೂ ಹಂಚಿದಳು. ಆಮೇಲೆ ಬೆರಳೊತ್ತಿದಳು.

"ಈಗ ದಿನಾ ಹಸಿರೇ, ಅಕ್ಕಾ," ಎಂದಳು ನೆದ್ಯಾಲ್ಕಾಳ ಕಡೆ ತಿರುಗಿ.

ನೆದ್ಯಾಲ್ಕಾ ಗೋಧಿಯನ್ನು ಕರವಸ್ತ್ರದಲ್ಲಿ ಕಟ್ಟಿಟ್ಟು ಪೊರಕೆ ಎತ್ತಿಕೊಂಡಳು. ಬೇಸಿಗೆಗೆ ಕೆಲಸ ಬಿಟ್ಟಳು. ಗಿಂಕಾ ಬಿಡಲಿಲ್ಲ, ಬಿಟ್ಟು ಹೋಗುವುದಾದರೂ ಎಲ್ಲಿಗೆ? ಭಾನುವಾರ ಅವಳು ನೆದ್ಯಾಲ್ಕಾಳ ಮನೆಗೆ ಊಟಕ್ಕೆ ಹೋಗುತ್ತಾಳೆ. ಒಮ್ಮೆ ನಾನೂ ಹೋಗಿದ್ದೆ. ನೆದ್ಯಾಲ್ಕಾ ಈಗ ಯಾರನ್ನೂ ರೇಗಿಸುವುದಿಲ್ಲ. ತಟ್ಟೆಯ ಮುಂದೆ ಕೂತಿದ್ದವಳು ಇದ್ದಕ್ಕಿದ್ದಂತೆ, "ಅವತ್ತು ಕಾಲ್ಚೆವ್ ಮುಂದೆ ನಿನ್ನ ತಾಯಿ ವಿಷ್ಯ ಎಲ್ಲಾ ಬಿಡಿಸಿ ಹೇಳ್ಬೇಕಿತ್ತು ಕಣೇ," ಎಂದಳು.

"ಹೇಳಿದ್ರೂ ಅಷ್ಟೇ ಆಗ್ತಿತ್ತು," ಎಂದಳು ಗಿಂಕಾ. "ಹುರುಳಿಕಾಯಿ ಸಾರು ಆರ್ತಿದೆ. ಉಣ್ಣು, ಅಕ್ಕಾ."