ಅಕ್ಸೋರಿಯಸ್ ಟೈಲರ್ಸ್

ಆ ಬೋರ್ಡು ಇವತ್ತಿಗೂ ಅಲ್ಲೇ ಇದೆ. ನೀಲಿ ತಗಡಿನ ಮೇಲೆ ಹಳದಿ ಅಕ್ಷರ: ಅಕ್ಸೋರಿಯಸ್ ಟೈಲರ್ಸ್. ಬೀದಿಗೆ ಹೊಸಬರು ಬಂದರೆ ಒಂದು ಗಳಿಗೆ ನಿಂತು ಓದುತ್ತಾರೆ, ಯಾವುದೋ ದೊಡ್ಡ ಕಂಪನಿಯ ಹೆಸರಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಒಳಗೆ ಕಿಟಕಿಯ ಪಕ್ಕ ಕೂತು ಗುಂಡಿ ಹಚ್ಚುವ ಮುದುಕಿ ಅವರನ್ನು ನೋಡಿ ತನ್ನಷ್ಟಕ್ಕೆ ನಗುತ್ತಾಳೆ. ಆ ಹೆಸರಿಗಾಗಿ ಒಂದು ಕಾಲದಲ್ಲಿ ಅವಳು ಮನೆಯಲ್ಲಿ ಎಬ್ಬಿಸಿದ ರಂಪ ಅವರಿಗೇನು ಗೊತ್ತು!

ಬೀದಿಗೆಲ್ಲ ಅವಳು ಕಾಜಾ ಅಕ್ಕ. ಗಂಡ ಅಂಗಡಿಯಲ್ಲಿ ಹೊಲಿದ ಅಂಗಿಗಳಿಗೆ ಮನೆಯಲ್ಲಿ ಕೂತು ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಪಾಲಿನ ಕೆಲಸವಾಗಿತ್ತು. ಅಂಗಿ ಹರಿದು ಚಿಂದಿಯಾದರೂ ಅವಳ ಕಾಜಾ ದಾರ ಬಿಡುತ್ತಿರಲಿಲ್ಲ. ಟೈಲರ್ ದಿನಾ ಮಧ್ಯಾಹ್ನ, ಗಿರಾಕಿ ಇರಲಿ ಬಿಡಲಿ, ಅಂಗಡಿಗೆ ಬೀಗ ಜಡಿದು ಎರಡೇ ಎರಡು ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಡುತ್ತಿದ್ದ. ಕೇಳಿದವರಿಗೆ "ಕಾಜಾಕ್ಕೆ ಕೊಡಬೇಕು" ಎನ್ನುತ್ತಿದ್ದ. ಅಲ್ಲ, ಸಂಜೆ ಹೋಗುವಾಗ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಒಯ್ಯಬಾರದೇ? ಇದು ನೆಪ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಊಟ ಮುಗಿಸಿ, ಅವಳು ಸೂಜಿ ಹಿಡಿದರೆ ಇವನು ಗೋಡೆಗೊರಗಿ ಕೂತು ಗಿರಾಕಿಗಳ ಪುರಾಣ ಬಿಚ್ಚುತ್ತಿದ್ದ. ಯಾರ ಹೊಟ್ಟೆ ಎಷ್ಟು ಬೆಳೆಯಿತು, ಯಾರು ಉಸಿರು ಬಿಗಿಹಿಡಿದು ಅಳತೆ ಕೊಟ್ಟರು, ಎಲ್ಲ. ನಗುವ ಭರದಲ್ಲಿ ಅವಳು ಎಷ್ಟೋ ಸಲ ಬೆರಳಿಗೆ ಚುಚ್ಚಿಕೊಂಡಿದ್ದಾಳೆ.

ಒಂದು ದಿನ ಇಂಗ್ಲಿಷ್ ಮೇಷ್ಟ್ರು ಕೋಟು ಹಾಕಿ ನೋಡಲು ಬಂದರು. ಲ್ಯಾಟಿನ್ ಕೂಡ ಓದಿಕೊಂಡವರು, ಒಳ್ಳೆಯ ಮನುಷ್ಯ, ಆದರೆ ಕಾಯುವುದೆಂದರೆ ಆಗದು. ಬಾಗಿಲಿಗೆ ಬೀಗ! ಬಿಸಿಲಲ್ಲಿ ಒಣಗಿದರು. ಟೈಲರ್ ಬಂದು ಬೀಗ ತೆಗೆದು, ಕೋಟು ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿದ. ಹೆಗಲು ಕಡೆದಿಟ್ಟ ಹಾಗೆ ಕೂತಿತ್ತು. ಮೇಷ್ಟ್ರ ಸಿಟ್ಟು ಇಳಿಯಿತು.

"ಇಷ್ಟು ಹೊತ್ತು ಎಲ್ಲಿದ್ದೆ, ಮನೇಲಾ?" ಎಂದು ನಕ್ಕರು. "ನೀನು ಅಕ್ಸೋರಿಯಸ್ ಕಣಯ್ಯ."

ಟೈಲರ್‌ಗೆ ಕಂಡದ್ದು ಕನ್ನಡಿಯಲ್ಲಿ ನಗುತ್ತಿದ್ದ ಮೇಷ್ಟ್ರು, ಕೇಳಿದ್ದು ಇಂಗ್ಲಿಷ್ ಪದ. ತನ್ನ ಕೈಕೆಲಸವನ್ನೇ ಹೊಗಳಿದರು ಎಂದುಕೊಂಡ. "ಇನ್ನೊಂದ್ಸಲ ಹೇಳಿ ಮೇಷ್ಟ್ರೇ" ಎಂದು ಹೇಳಿಸಿಕೊಂಡು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಂಡ. ಅಂಗಡಿಗೆ ಅಲ್ಲಿಯವರೆಗೆ ಹೆಸರೇ ಇರಲಿಲ್ಲ. ಆ ವಾರವೇ ಬೋರ್ಡು ಏರಿತು.

ಮುಂದಿನ ಸಲ ಬಂದ ಮೇಷ್ಟ್ರು ಬೋರ್ಡು ಓದಿ, ಅಂಗಡಿಯ ಮೆಟ್ಟಿಲ ಮೇಲೆಯೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಅಯ್ಯೋ ಪುಣ್ಯಾತ್ಮ! ಲ್ಯಾಟಿನ್‌ನಲ್ಲಿ ಉಕ್ಸೋರ್ ಅಂದ್ರೆ ಹೆಂಡತಿ. ಅದಕ್ಕೆ ಅಂಟಿದ ಬಾಲಕ್ಕೆ ತುಂಬಿ ತುಳುಕೋದು ಅಂತ ಅರ್ಥ. ಹೆಂಡತಿ ಮೇಲೆ ಅತಿಯಾಗಿ ಪ್ರೀತಿ ಇಟ್ಟವನು ಅಂತ ಕಣಯ್ಯ!"

ಪಕ್ಕದ ಕಿರಾಣಿಯವನ ಕಿವಿಗೆ ಇಷ್ಟು ಬಿದ್ದರೆ ಸಾಕಲ್ಲ. ಸಂಜೆಯೊಳಗೆ ಬೀದಿಯ ಬಾಯಿಗೆಲ್ಲ ಅದೇ ಎಲೆಯಡಿಕೆಯಾಯಿತು. ಟೈಲರ್ ಮಾತ್ರ ಮನೆಗೆ ನಗುತ್ತಲೇ ಬಂದು, "ಮೊದಲೇ ಗೊತ್ತಿದ್ರೂ ಇದೇ ಹೆಸರು ಇಡ್ತಿದ್ದೆ" ಎಂದ. ಆದರೆ ಅವನಿಗಿಂತ ಮುಂಚೆ ನಾದಿನಿ ಬಂದು ಹೋಗಿದ್ದಳು. "ನಮ್ಮಣ್ಣನ್ನ ಬೆರಳ ತುದೀಲಿ ಕುಣಿಸ್ತೀಯ ಅಂತ ಇಷ್ಟು ದಿನ ಜನ ಆಡ್ಕೋತಿದ್ರು ಅತ್ತಿಗೆ. ಈಗ ಬೋರ್ಡೇ ಹಾಕಿಸಿದೀಯ" ಎಂದು ಉಪ್ಪು ಖಾರ ಸವರಿ ಹೋಗಿದ್ದಳು. ಕಾಜಾ ಅಕ್ಕ ಕೆಂಡವಾಗಿದ್ದಳು.

"ನನ್ನ ಮಾನ ತಗಡಿನ ಮೇಲೆ ಬರೆಸಿ ತೂಗುಹಾಕಿದ್ರಲ್ಲ, ಸಮಾಧಾನ ಆಯ್ತಾ? ನಾಳೆಯಿಂದ ಮಧ್ಯಾಹ್ನ ಈ ಕಡೆ ತಲೆ ಹಾಕ್ಬೇಡಿ. ಡಬ್ಬಿ ಕಟ್ಟಿಕೊಡ್ತೀನಿ."

ಅವನು ಪಾಲಿಸಿದ. ಪಾಲಿಸದೆ ಇರುತ್ತಾನೆಯೇ, ಅಕ್ಸೋರಿಯಸ್ ಅಲ್ಲವೇ! ಬೋರ್ಡು ಇಳಿಸು ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಹಾಗಾಗಿ ಅದು ಉಳಿಯಿತು. ಅಂಗಿಗಳು ಸಂಜೆ ಒಂದೇ ಗಂಟಿನಲ್ಲಿ ಬರತೊಡಗಿದವು. ಗಿರಾಕಿಗಳ ಪುರಾಣ ನಿಂತಿತು. ದಣಿದು ಬಂದವನು ಉಂಡು ಮಲಗುತ್ತಿದ್ದ. ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ತಿಂದು ಮುಗಿಸುತ್ತಿದ್ದಳು. ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದರೆ ಜೀವ ಎದ್ದು ಕೂರುತ್ತಿತ್ತು. ನೋಡಿದರೆ ಯಾರೋ ದಾರಿಹೋಕರು. ಮಾನ ಉಳಿಯಿತು ನಿಜ, ಆದರೆ ಅವನಿಲ್ಲದ ಆ ಹೊತ್ತು ಅವಳಿಗೆ ಸಹಿಸಲಾಗಲಿಲ್ಲ. ತನ್ನ ಬಾಯಿಂದ ಹೊರಟ ಮಾತನ್ನು ತಾನೇ ಹೇಗೆ ನುಂಗುವುದು?

ಕೊನೆಗೆ ಒಂದು ಬೆಳಿಗ್ಗೆ ಮೇಷ್ಟ್ರ ಮನೆಗೆ ನೆಟ್ಟಗೆ ನಡೆದಳು.

"ಅತಿಯಾಗಿ ಅಂದ್ರಲ್ಲ ಮೇಷ್ಟ್ರೇ, ಎಷ್ಟಾದ್ರೆ ಅತಿ? ಟೇಪು ಹಿಡಿದವರು ಯಾರು?"

ಮೇಷ್ಟ್ರು ತಬ್ಬಿಬ್ಬಾದರು. "ಅದು... ಪುಸ್ತಕದಲ್ಲಿ ಹಾಗಿದೆ ತಾಯಿ."

"ಸರಿ. ಗಂಡನ ಮೇಲೆ ಹಾಗೇ ಪ್ರಾಣ ಇಟ್ಟುಕೊಂಡ ಹೆಂಗಸಿಗೆ ಏನಂತಾರೆ?"

ಅವರು ಒಳಗೆ ಹೋಗಿ, ತಲೆದಿಂಬಿನಷ್ಟು ದಪ್ಪದ ನಿಘಂಟು ತಂದು, ಬಹಳ ಹೊತ್ತು ಹುಡುಕಿದರು. "ಇದೆ. ಮ್ಯಾರಿಟೋರಿಯಸ್. ಲ್ಯಾಟಿನ್‌ನಲ್ಲಿ ಗಂಡನಿಗೆ ಮರೀಟುಸ್ ಅಂತಾರೆ, ಅದರಿಂದ ಬಂದದ್ದು. ಆದ್ರೆ ಇದನ್ನ ಯಾರೂ ಬಳಸಲ್ಲ."

"ಯಾಕೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೆಂಗಸು ಎಷ್ಟು ಪ್ರೀತಿ ಮಾಡಿದ್ರೂ ಅದನ್ನ ಯಾರೂ ಅತಿ ಅನ್ನಲ್ಲಮ್ಮ. ಆಡ್ಕೊಂಡು ನಗೋಕೆ ಪದ ಬೇಕಾಗಲಿಲ್ಲ, ಅಷ್ಟೇ."

ಆ ಮಧ್ಯಾಹ್ನ ಅವಳು ತನ್ನ ಊಟದ ಡಬ್ಬಿ, ಸೂಜಿ, ದಾರ ಎಲ್ಲ ಚೀಲಕ್ಕೆ ತುಂಬಿಕೊಂಡು ಬೀದಿಯ ನಟ್ಟನಡುವೆ ತಲೆಯೆತ್ತಿ ನಡೆದಳು. ಕಿರಾಣಿಯವನು ಸುಮ್ಮನಿರುತ್ತಾನೆಯೇ? "ಏನಕ್ಕಾ, ಸವಾರಿ ಈ ಕಡೆ?"

"ನಾನು ಮ್ಯಾರಿಟೋರಿಯಸ್ ಕಣಪ್ಪ. ಅರ್ಥ ಬೇಕಿದ್ರೆ ಮೇಷ್ಟ್ರನ್ನ ಕೇಳು."

ಅವಳು ಒಳಗೆ ಬಂದಾಗ ಟೈಲರ್ ಮಿಷನ್ ತುಳಿಯುವುದನ್ನೇ ಮರೆತ. ಅವಳು ಕಿಟಕಿಯ ಪಕ್ಕ ಜಾಗ ಮಾಡಿಕೊಂಡು ಕೂತಳು. ಉಂಡ ಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದಳು: "ರೀ, ಅತಿ ಆಯ್ತು ಅಂತ ನಿಮಗೆ ಯಾವತ್ತಾದ್ರೂ ಅನ್ನಿಸಿದೆಯಾ?"

ಅವನು ಕೈಲಿದ್ದ ಅಂಗಿಯ ಪಕ್ಕದ ಹೊಲಿಗೆಯನ್ನು ಮಗುಚಿ ತೋರಿಸಿದ. "ಒಳಗೆ ಇಷ್ಟು ಬಟ್ಟೆ ಜಾಸ್ತಿ ಬಿಟ್ಟೇ ಹೊಲಿಯೋದು ಕಣೇ. ಹೊರಗೆ ಕಾಣಲ್ಲ. ಮುಂದೆ ಬಿಗಿ ಆದಾಗ ಬಿಚ್ಚಿಕೊಳ್ಳೋಕೆ ಬೇಕಲ್ಲ."

ಅಂದಿನಿಂದ ಅವನು ಹೋಗುವವರೆಗೂ ಅವಳ ಮಧ್ಯಾಹ್ನಗಳು ಆ ಕಿಟಕಿಯ ಪಕ್ಕವೇ ಕಳೆದವು. ಎಂಥ ದಿನಗಳು ಅವು! ಈಗ ಮಿಷನ್ ತುಳಿಯುವವನು ಮೈದುನನ ಮಗ. ಮೊನ್ನೆ ಬಣ್ಣದವನನ್ನು ಕರೆತಂದು ಕೇಳಿದ: "ದೊಡ್ಡಮ್ಮಾ, ಬೋರ್ಡ್ ಮಾಸಿಹೋಗಿದೆ. ನಾಲಿಗೆ ತಿರುಗೋ ಹೆಸರು ಯಾವುದಾದ್ರೂ ಬರೆಸೋಣ್ವಾ?"

"ಹೆಸರು ಇರ್ಲಿ, ಬಣ್ಣ ಹೊಸದು ಹಾಕ್ಸು" ಎಂದಳು ಮುದುಕಿ.

"ದೊಡ್ಡಪ್ಪ ಹೋಗಿ ಇಷ್ಟು ವರ್ಷ ಆಯ್ತಲ್ಲ, ದೊಡ್ಡಮ್ಮಾ."

ಅವಳು ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿದಳು. "ಹೌದಪ್ಪ. ಅವರು ಜಾಸ್ತಿ ಬಿಟ್ಟು ಹೊಲಿದಿದ್ರು. ಬಿಚ್ಚಿಕೊಂಡು ಬಿಚ್ಚಿಕೊಂಡು ಇಷ್ಟು ವರ್ಷ ತೊಟ್ಟಿದೀನಿ. ಇನ್ನೂ ಉಳಿದಿದೆ."