ಹಾಳೆಯ ವಾಷರು

ಮೊನ್ನೆ ಮೊಮ್ಮಗನ ಉಪನಯನದಲ್ಲಿ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಇಟ್ಟಿದ್ದರು. ಬಿಸಿ ಸಾರು ಬಿದ್ದದ್ದೇ ತಡ, ನೆನೆದ ಹಾಳೆಯ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ಪಕ್ಕದ ಮನೆಯ ದೊಡ್ಡಮ್ಮನೂ ನೆನಪಿಗೆ ಬಂದರು...

ನಾನು ಮದುವೆಯಾಗಿ ಕಳಸಕ್ಕೆ ಬಂದಾಗ ಇನ್ನೂ ಮಹಾರಾಜರ ಕಾಲ. ದೊಡ್ಡಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದರು. ತಮ್ಮ ಸಂಸೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮನೆದೇವರ ಪೂಜೆ ತಮ್ಮನದು, ಅಭಿಷೇಕಕ್ಕೆ ಬಾವಿಯಿಂದ ಮಡಿನೀರು ತರುವುದು ದೊಡ್ಡಮ್ಮನದು. ಆ ಮನೆಯಲ್ಲಿ ತನ್ನದು ಅಂತ ಅವರಿಗಿದ್ದದ್ದು ಆ ಕೆಲಸವೊಂದೇ.

ಒಂದು ಮಳೆಗಾಲ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಹೋಯಿತು. ಹಗ್ಗ ಎಳೆಯಲು ಆಗಲಿಲ್ಲ. ಅಕ್ಕನ ಕಷ್ಟ ನೋಡಲಾರದೆ ತಮ್ಮ ಎಸ್ಟೇಟಿನ ಹಳೇ ಕೈಪಂಪು ತಂದು ಬಾವಿಗೆ ಕೂರಿಸಿದರು. ಒಳಗೇನಿದೆ ಎಂದು ದೊಡ್ಡಮ್ಮ ಕೇಳಿದರು. ಸುಳ್ಳು ಹೇಳಲು ಬಾರದ ಆ ಪುಣ್ಯಾತ್ಮ, ನೀರೆಳೆಯುವ ಚರ್ಮದ ವಾಷರು ಎಂದುಬಿಟ್ಟರು. ದೊಡ್ಡಮ್ಮ ಕೊಡ ಕೆಳಗಿಟ್ಟರು.

"ಒಳಗೆಲ್ಲೋ ಇರ್ತದೆ ಅಕ್ಕಯ್ಯ, ಯಾರಿಗೂ ಕಾಣೋದಿಲ್ಲ."

"ನಿಂಗೆ ಕಾಣದಿದ್ರೆ ದೇವ್ರಿಗೂ ಕಾಣೋದಿಲ್ವೇನೋ ಮಾರಾಯ?"

ಹಾಗಾದರೆ ಇನ್ನು ಮೇಲೆ ತನ್ನ ಹೆಂಡತಿಯೇ ಬಾವಿಯಿಂದ ಸೇದುತ್ತಾಳೆ, ನೀನು ಸುಮ್ಮನೆ ಕೂತ್ಕೋ ಎಂದರು ತಮ್ಮ. ಆ ಮಾತಿಗೆ ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ಬೇಲಿಯ ಈಚೆ ನಿಂತಿದ್ದ ನನಗೂ ಅದು ಕಂಡಿತು.

ಮರುದಿನ ತಮ್ಮನಿಂದ ಪಂಪು ಬಿಚ್ಚಿಸಿದರು. ಬಟ್ಟಲಿನಂತಿದ್ದ ಚರ್ಮದ ವಾಷರನ್ನು ಮುಟ್ಟದೆ, ದೂರದಿಂದಲೇ ದಿಟ್ಟಿಸಿ ನೋಡಿದರು. ಪಂಪಿನ ಒಳಭಾಗವನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಅಡಿಕೆ ಹಾಳೆಯಲ್ಲಿ ಒಂದು ಬಿಲ್ಲೆ ಕತ್ತರಿಸಿ ಹಾಕಿಸಿದರು. ಸೀಳಿತು. ಮತ್ತೊಂದೂ ಸೀಳಿತು. ರೈಟರು ನಕ್ಕರು. ದೊಡ್ಡಮ್ಮ ನಗಲಿಲ್ಲ. ಹಾಳೆಯನ್ನು ಬಿಸಿನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಲೋಟದ ತಳಕ್ಕೆ ಒತ್ತಿ ದಾರ ಸುತ್ತಿ ಇಟ್ಟರು. ಅದು ಬಟ್ಟಲಿನ ಆಕಾರಕ್ಕೆ ಬಂತು. ಅದನ್ನು ಹಾಕಿ ಹಿಡಿ ಒತ್ತಿದಾಗ ಮೊದಲು ಬರೀ ಗಾಳಿ... ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು.

"ಇನ್ನು ನನ್ನ ಕೂತ್ಕೋ ಅಂತ ಯಾರೂ ಹೇಳ್ಬೇಡಿ" ಎಂದು ಅಳುತ್ತಲೇ ದೇವರ ಕೊಡ ತುಂಬಿಸಿದರು.

ಹಾಳೆ ಹೆಚ್ಚು ದಿನ ಬಾಳುತ್ತಿರಲಿಲ್ಲ. ಒಂದು ಸವೆಯುವಷ್ಟರಲ್ಲಿ ಇನ್ನೊಂದು ಲೋಟದ ಮೇಲೆ ತಯಾರಾಗುತ್ತಿತ್ತು. ಕಡೆಯವರೆಗೂ ಹಾಗೇ ನಡೆಸಿದರು. ಅವರು ಹೋದ ಮೇಲೆ ಅಷ್ಟು ತಾಳ್ಮೆ ಯಾರಿಗಿತ್ತು? ಪಂಪಿಗೆ ಚರ್ಮವೇ ಮರಳಿತು, ದೇವರಿಗೂ ಅದೇ ನೀರಾಯಿತು.

ಊಟವಾದ ಮೇಲೆ ಎಲ್ಲರೂ ತಟ್ಟೆ ಎಸೆದರು. ನನಗೆ ಕೈ ಬರಲಿಲ್ಲ. ತೊಳೆದು ಮನೆಗೆ ತಂದಿಟ್ಟಿದ್ದೇನೆ. ಚೆನ್ನಾಗಿ ನೆನೆದಿತ್ತು, ಒಂದು ವಾಷರಿಗೆ ಸಾಕಾಗುತ್ತಿತ್ತು. ಕತ್ತರಿಸುವವರೇ ಇಲ್ಲ.