ಅವ್ವನ ಬಾವಿಹಗ್ಗ

ಇವತ್ತು ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಹೊಸ ನಾರಿನ ಹಗ್ಗದ ಸುರುಳಿ ಬಿಚ್ಚುತ್ತಿದ್ದರು. ಆ ವಾಸನೆಗೆ ಐರಣಿಯ ನಮ್ಮ ಹಿತ್ತಲ ಬಾವಿ ನೆನಪಾಯಿತು.

ಮಳೆಗಾಲದಲ್ಲಿ ಅಪ್ಪ ದಿನಾ ಹೊಳೆದಂಡೆಗೆ ಹೋಗಿ ನೀರು ನೋಡಿ ಬರುತ್ತಿದ್ದ. ಅವ್ವ ಹೋಗುತ್ತಿರಲಿಲ್ಲ. ಬಾವಿಗೆ ಕೊಡ ಇಳಿಸಿ, ಎಷ್ಟು ಮಾರು ಹಗ್ಗಕ್ಕೆ ನೀರು ಸಿಕ್ಕಿತೆಂದು ಎಣಿಸುತ್ತಿದ್ದಳು. ಬೇರೆ ದಿನ ಎಂಟು ಮಾರು ಬೇಕು. ಒಂದು ವರ್ಷ, ಒಂದು ದಿನ ಎರಡೇ ಮಾರು ಸಾಕಾಯಿತು.

"ಜ್ವಾಳದ ಚೀಲ ಅಟ್ಟಕ್ಕ ಏರಸ್ರಿ. ಹೊಳಿ ನಮ್ಮ ಮನಿ ಬುಡಕ್ಕ ಬಂದೈತಿ," ಎಂದಳು.

"ಈಗ ನೋಡಿ ಬಂದೇನಿ, ನೀರು ಇನ್ನೂ ದಂಡಿ ಕೆಳಗ ಐತಿ," ಎಂದು ಅಪ್ಪ ನಕ್ಕ. ನಗುತ್ತಲೇ ಚೀಲ ಏರಿಸಿದ.

ನಾನು ಅಡುಗೆಮನೆಯ ನೆಲಕ್ಕೆ ಕಿವಿ ಹಚ್ಚಿ ಮಲಗಿದೆ. ಅಷ್ಟು ದೊಡ್ಡ ತುಂಗಭದ್ರೆ ನೆಲದೊಳಗಿಂದಲೇ ಸದ್ದಿಲ್ಲದೆ ನಮ್ಮ ಒಲೆಯ ಕೆಳಗೆ ಬಂದು ನಿಂತಿದ್ದಳು! ಮರುದಿನ ಮಧ್ಯಾಹ್ನ ಕೆಂಪು ನೀರು ಓಣಿಗೆ ನುಗ್ಗಿತು. ಅಷ್ಟರಲ್ಲಿ ಬಾವಿ ಕಂಠಮಟ್ಟ ತುಂಬಿತ್ತು. ಅಪ್ಪ ನಗಲಿಲ್ಲ.

ಈಗ ಹೊಳೆಯ ಮಟ್ಟ ಫೋನಿಗೇ ಬರುತ್ತದೆ. ಅಂಗಡಿಯಲ್ಲಿ ನಿಂತು ಅದನ್ನೇ ಓದುತ್ತಿದ್ದೆ.

"ಎಷ್ಟು ಮಾರು ಕೊಡ್ಲಿರಿ?" ಎಂದರು ಅಂಗಡಿಯವರು.

"ಎಂಟು," ಎಂದುಬಿಟ್ಟೆ. ಈಗಿನ ನಮ್ಮ ಮನೆಯಲ್ಲಿ ಬಾವಿಯೇ ಇಲ್ಲ.